ಒಂದು ಖೋಲಿಯ ಮನೆಗೆ ಒಂದು ಜೊತೆ ಸಿಕ್ಲಿಡ್

ಪರ ಊರಿನಲ್ಲಿ ಒಂದೇ ಖೋಲಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ನಾಯಿ ಸಾಕಲು ಸ್ಥಳವಿಲ್ಲ, ಬೆಕ್ಕು ಸಾಕಲು ನೆರೆಯವರ ಒಪ್ಪಿಗೆಯಿಲ್ಲ, ಹಸುಕರುವಿನ ಮಾತಂತೂ ಊರಿನಲ್ಲೇ ಉಳಿಯಿತು. ಉಳಿದದ್ದು ಮೀನು. ಗಾಜಿನ ತೊಟ್ಟಿಯೊಂದನ್ನು ಮೂಲೆಯಲ್ಲಿಟ್ಟು, ಕಚೇರಿಯಿಂದಲೋ ಪಾಳಿಯಿಂದಲೋ ಬಂದು ಅರ್ಧ ಗಂಟೆ ಅದರ ಮುಂದೆ ಕುಳಿತರೆ ಲೋಕಲ್ ಗಾಡಿಯ ನೂಕುನುಗ್ಗಲು ಮರೆತುಹೋಗುತ್ತದೆ. ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ನಾಲ್ಕಾರು ಮಂದಿ ಈ ಹವ್ಯಾಸ ಹಚ್ಚಿಕೊಂಡಿದ್ದಾರೆ. ಇನ್ನು ಕೆಲವರು ಹಚ್ಚಿಕೊಳ್ಳುವ ವಿಚಾರದಲ್ಲಿದ್ದಾರೆ. ಅವರೆಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಗಪ್ಪಿ, ಮೋಲಿ ಎಲ್ಲ ಆಯಿತು. ಸ್ವಲ್ಪ ಬುದ್ಧಿಯುಳ್ಳ ಮೀನು ಯಾವುದಿದೆ?"

ಅನ್ನ ಹಾಕುವವನ ಗುರುತು ಹಿಡಿಯುವ, ಜೊತೆ ಕಟ್ಟುವ, ಮರಿಗಳನ್ನು ಕಾಯುವ ಮೀನು ಬೇಕೆಂದರೆ ಸಿಕ್ಲಿಡ್ ಎಂದೇ ಹೇಳಬೇಕು. ಆದರೆ ಹೇಳಿದ ಮರುಕ್ಷಣವೇ ಒಂದು ಎಚ್ಚರಿಕೆಯನ್ನೂ ಕೊಡಬೇಕಾಗುತ್ತದೆ. ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವು ನಮ್ಮ ಮನೆಯಲ್ಲಿ ಹಿಡಿಸುವ ತೊಟ್ಟಿಗೆ ಸಲ್ಲವು. ಸಲ್ಲುವಂಥವು ಮೂರು ನಾಲ್ಕು ಜಾತಿ ಮಾತ್ರ. ಅವುಗಳಲ್ಲೂ ಒಂದು ತೊಟ್ಟಿಗೆ ಒಂದೇ ಜಾತಿ.

ಈ ಮಾತನ್ನು ನಾನು ಪುಸ್ತಕ ನೋಡಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಸಂಬಳದ ಹಣ ಕಿಸೆಯಲ್ಲಿರುವಾಗ ಅಂಗಡಿಯೊಂದರಲ್ಲಿ ಎರಡು ಆಸ್ಕರ್ ಮರಿಗಳನ್ನು ಕೊಂಡೆ. ಹೆಬ್ಬೆರಳಿನಷ್ಟು ಉದ್ದ, ಕಪ್ಪು ಮೈಯಲ್ಲಿ ಕೆಂಡದಂಥ ಪಟ್ಟೆ. ಅಂಗಡಿಯವನು "ಎರಡಡಿಯ ತೊಟ್ಟಿ ಧಾರಾಳ ಸಾಕು" ಎಂದ. ಮೊದಲ ತಿಂಗಳು ಮನೆಮಂದಿಗೆಲ್ಲ ಹಬ್ಬ. ಮಕ್ಕಳು ಬೆರಳು ತೋರಿಸಿದ ಕಡೆಗೆ ಮೀನು ತಿರುಗುತ್ತಿತ್ತು. ಆರೇಳು ತಿಂಗಳಲ್ಲಿ ಅವು ಗೇಣುದ್ದವಾದವು. ತೊಟ್ಟಿಯಲ್ಲಿ ತಿರುಗಬೇಕಾದರೆ ಮೈ ಬಾಗಿಸಬೇಕು. ಮೂರು ದಿನಕ್ಕೊಮ್ಮೆ ನೀರು ಬದಲಿಸಿದರೂ ಮನೆಯಲ್ಲಿ ವಾಸನೆ. ಒಂದು ಬೆಳಿಗ್ಗೆ ನೋಡಿದರೆ ಎರಡರಲ್ಲಿ ಒಂದು ರೆಕ್ಕೆ ಹರಿದು ಸತ್ತು ತೇಲುತ್ತಿತ್ತು. ಚಿಕ್ಕ ಮಗಳು ಅಂದು ಶಾಲೆಗೆ ಹೋಗಲಿಲ್ಲ. ಉಳಿದದ್ದನ್ನು ಆರಡಿಯ ತೊಟ್ಟಿಯುಳ್ಳ ಒಬ್ಬ ಗೃಹಸ್ಥರಿಗೆ ಬಕೆಟಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಅಂಗಡಿಯವನನ್ನು ಬೈದು ಏನು ಫಲ? ಅವನ ಕಸಬು ಮಾರುವುದು. "ಇದು ಎಷ್ಟು ದೊಡ್ಡದಾಗುತ್ತದೆ?" ಎಂಬ ಒಂದು ಪ್ರಶ್ನೆಗೆ ಉತ್ತರ ತಿಳಿಯದೆ ಕಿಸೆಗೆ ಕೈಹಾಕಿದವನು ನಾನು. ಆಸ್ಕರ್ ಒಂದಡಿಯವರೆಗೂ ಬೆಳೆಯುವ ಮೀನು.

ಸಿಕ್ಲಿಡ್ ಎಂದರೆ ಒಂದು ಮೀನಿನ ಹೆಸರಲ್ಲ, ಒಂದು ದೊಡ್ಡ ಕುಲದ ಹೆಸರು. ಈವರೆಗೆ ಗುರುತಿಸಿರುವ ಜಾತಿಗಳೇ 1,700ಕ್ಕೂ ಹೆಚ್ಚು. ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕಗಳು ಇವುಗಳ ದೊಡ್ಡ ನೆಲೆಗಳು. ಹೆಸರು ಹೊಸದೆನಿಸಿದರೂ ಮೀನು ನಮಗೆ ಅಪರಿಚಿತವಲ್ಲ. ಊರ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ಟಿಲಾಪಿಯಾ ಇದೇ ಕುಲದ್ದು. ಆಫ್ರಿಕಾದ ಮೊಜಾಂಬಿಕ್ ಟಿಲಾಪಿಯಾವನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಕೇರಳದ ಕರಿಮೀನೂ ಸಿಕ್ಲಿಡ್ಡೇ.

ಈ ಕುಲದ ಮೀನುಗಳು ಜಗಳಗಂಟಿಗಳೆಂಬ ಅಪವಾದ ಇದೆ. ಅಪವಾದ ಸುಳ್ಳಲ್ಲ, ಆದರೆ ಕಾರಣ ತಿಳಿದರೆ ಅವುಗಳ ಮೇಲಿನ ಸಿಟ್ಟು ಇಳಿಯುತ್ತದೆ. ಬಹುತೇಕ ಮೀನುಗಳು ನೀರಿನಲ್ಲಿ ಮೊಟ್ಟೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್ ಹಾಗಲ್ಲ. ಕಲ್ಲಿನ ಮೇಲೋ, ಗವಿಯೊಳಗೋ, ಕೆಲವು ಜಾತಿಗಳಲ್ಲಿ ತಾಯಿಯ ಬಾಯೊಳಗೋ ಮೊಟ್ಟೆಯನ್ನು ಕಾಪಾಡಿ, ಮರಿ ಈಜುವವರೆಗೂ, ಆಮೇಲೂ ಕೆಲಕಾಲ, ಕಾವಲು ಕಾಯುತ್ತದೆ. ಮನೆ ಇದ್ದಲ್ಲಿ ಬೇಲಿ ಇರಲೇಬೇಕಷ್ಟೆ. ತನ್ನದೆಂದು ಗೆರೆ ಎಳೆದುಕೊಂಡ ಜಾಗಕ್ಕೆ ಇನ್ನೊಂದು ಮೀನು ಬಂದರೆ ಅಟ್ಟುತ್ತದೆ. ಹೊಳೆಯಲ್ಲಾದರೆ ಸೋತವನು ಓಡಿಹೋಗಲು ಹರಿದಾರಿ ನೀರಿದೆ. ಎರಡಡಿಯ ತೊಟ್ಟಿಯಲ್ಲಿ ಸೋತವನು ಎಲ್ಲಿಗೆ ಹೋಗಬೇಕು? ಮೂಲೆಯಲ್ಲಿ ನಿಂತು ಪೆಟ್ಟು ತಿನ್ನುತ್ತದೆ, ಕಡೆಗೆ ಸಾಯುತ್ತದೆ. ಒಂದೇ ನಲ್ಲಿಯ ಚಾಳಿನಲ್ಲಿ ಇದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ತೊಟ್ಟಿಯ ಲೆಕ್ಕ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಸುವುದು ಸುಮಾರು 55 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಅಂಚು ಕಳೆದರೆ ನಿಜವಾದ ನೀರು 45 ಲೀಟರ್ ಇದ್ದೀತು. ಸಿಕ್ಲಿಡ್‌ಗೆ ಇದಕ್ಕಿಂತ ಚಿಕ್ಕದು ಬೇಡ. ದುಂಡನೆಯ ಗಾಜಿನ ಬುರುಡೆಗಳಂತೂ ಯಾವ ಮೀನಿಗೂ ಬೇಡ. ಗಾಜು, ಮರಳು, ನೀರು ಸೇರಿ ಎಪ್ಪತ್ತು ಕಿಲೋ ತೂಗುವ ವಸ್ತು ಇದು. ಗೋಡೆಯ ಹಲಗೆ, ಹಳೆಯ ಟ್ರಂಕು, ಮಡಿಸುವ ಮೇಜು ಇದನ್ನು ತಡೆಯುವುದಿಲ್ಲ. ನೆಲದಿಂದ ನಿಂತ ಗಟ್ಟಿ ಸ್ಟ್ಯಾಂಡ್ ಬೇಕು. ಕೆಳಗಿನ ಮನೆಯವರೊಡನೆ ಸ್ನೇಹ ಉಳಿಯಬೇಕಲ್ಲವೇ?

ಈ ಅಳತೆಯ ತೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಕೆಲವನ್ನು ನೋಡಿ ಸಂತೋಷಪಟ್ಟು ಮುಂದೆ ನಡೆಯಬೇಕು. ಆಸ್ಕರಿನ ಕಥೆ ಹೇಳಿಯಾಯಿತು. ಹಣೆಯಲ್ಲಿ ದೊಡ್ಡ ಗುಬಟಿರುವ ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮನುಷ್ಯರು ಬೆರಕೆ ಮಾಡಿ ತೆಗೆದ ಮೀನು. ಅದೂ ಒಂದಡಿಯವರೆಗೆ ಬೆಳೆಯುವುದು, ಒಂಟಿಯಾಗಿ ದೊಡ್ಡ ತೊಟ್ಟಿ ಕೇಳುವುದು. ಅದೃಷ್ಟ ತರುತ್ತದೆ, ವಾಸ್ತುದೋಷ ಕಳೆಯುತ್ತದೆ ಎಂದು ಅದಕ್ಕೆ ಸಾವಿರಾರು ರೂಪಾಯಿ ಹೇಳುತ್ತಾರೆ. ಮಾರುವವನಿಗೆ ಅದೃಷ್ಟ ಬರುವುದು ನಿಶ್ಚಯ. ಕಿತ್ತಳೆ ಬಣ್ಣದ ಪ್ಯಾರಟ್ ಸಿಕ್ಲಿಡ್ ಸಹ ಬೆರಕೆಯೇ. ಪಾಪ, ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಏಂಜಲ್ ಮೀನು ಸಿಕ್ಲಿಡ್ ಎಂಬುದು ಬಹಳ ಜನಕ್ಕೆ ತಿಳಿಯದು. ಕೊಳ್ಳುವಾಗ ರೂಪಾಯಿ ನಾಣ್ಯದಷ್ಟಿರುವ ಅದು ಬೆಳೆದಾಗ ಮೇಲಿನ ರೆಕ್ಕೆಯಿಂದ ಕೆಳಗಿನ ರೆಕ್ಕೆಗೆ ಒಂದು ಗೇಣಾಗುತ್ತದೆ. ಒಂದಡಿ ಎತ್ತರದ ತೊಟ್ಟಿ ಅದಕ್ಕೆ ಮೋಟು. ಡಿಸ್ಕಸ್ ರಾಜಮೀನು, 28ರಿಂದ 30 ಡಿಗ್ರಿ ಬಿಸಿಯ ಮೃದುವಾದ ನೀರನ್ನೂ ನಮ್ಮ ಪೂರ್ಣ ಬಿಡುವನ್ನೂ ಬೇಡುತ್ತದೆ. "ಆಫ್ರಿಕನ್ ಮಿಕ್ಸ್" ಎಂದು ಹಳದಿ, ನೀಲಿ ಮರಿಗಳನ್ನು ಒಟ್ಟಿಗೆ ಮಾರುವುದುಂಟು. ಇವು ಮಲಾವಿ ಸರೋವರದ ಬಂಡೆಗಳ ನಡುವಣ ಮೀನುಗಳು. ಎಳೆಯದರಲ್ಲಿ ಕೂಡಿ ಆಡಿ, ಬೆಳೆದ ಮೇಲೆ ಒಂದನ್ನೊಂದು ಮುಗಿಸಿ, ಕೊನೆಗೆ ಒಂದು ಗಂಡು ಉಳಿಯುವುದನ್ನು ನೋಡಿದ್ದೇನೆ.

ಕಪ್ಪು ಬಿಳುಪು ಪಟ್ಟೆಯ ಕಾನ್ವಿಕ್ಟ್ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು. ಅಗ್ಗ, ಗಟ್ಟಿ ಜೀವ, ಯಾವ ನೀರಿಗೂ ಒಗ್ಗುತ್ತದೆ. ಒಂದು ಜೋಡಿಯನ್ನು ಎರಡಡಿಯಲ್ಲಿ ಬೇರೇನೂ ಇಲ್ಲದೆ ಇಟ್ಟರೆ ಹೇಗೋ ನಡೆದೀತು. ಆದರೆ ತಿಂಗಳು ತಿಂಗಳೂ ನೂರಾರು ಮರಿ ಹಾಕುತ್ತದೆ. ಮೊದಲ ಸಲ ಮಿತ್ರರಿಗೆ ಹಂಚುತ್ತೀರಿ, ಎರಡನೆಯ ಸಲ ಅಂಗಡಿಯವನಿಗೆ ಪುಕ್ಕಟೆ ಕೊಡುತ್ತೀರಿ. ಮೂರನೆಯ ಸಲ ನಿಮ್ಮನ್ನು ಕಂಡರೆ ಮಿತ್ರರು ಬೇರೆ ದಾರಿ ಹಿಡಿಯುತ್ತಾರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅದನ್ನು ಹೇಳುವ ಮೊದಲು ನಿಮ್ಮ ಮನೆಯ ನೀರನ್ನು ನೋಡಬೇಕು. ಮುಂಬಯಿಯ ನಲ್ಲಿಯಲ್ಲಿ ಬರುವುದು ತಾನಸಾ, ವೈತರಣಾ, ಭಾತಸಾ ಮೊದಲಾದ ಜಲಾಶಯಗಳಲ್ಲಿ ನಿಂತ ಮಳೆಯ ನೀರು, ಸಾಮಾನ್ಯವಾಗಿ ಮೃದು. ಪುಣೆಯಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ಬರುವ ನೀರೂ ಹಾಗೆಯೇ. ಹೈದರಾಬಾದು, ದಿಲ್ಲಿ, ಚೆನ್ನೈಗಳಲ್ಲಿ ಕೊಳವೆಬಾವಿಯ ನೀರನ್ನೋ ಟ್ಯಾಂಕರ್ ನೀರನ್ನೋ ನಂಬಿರುವವರಿಗೆ ಸಿಗುವುದು ಬಹುಮಟ್ಟಿಗೆ ಗಡಸು ನೀರು. ಪರೀಕ್ಷೆಗೆ ಉಪಕರಣವೇ ಬೇಕೆಂದಿಲ್ಲ. ಸಾಬೂನು ಚೆನ್ನಾಗಿ ನೊರೆಯಾಗದಿದ್ದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟಿದರೆ, ನೀರು ಗಡಸು ಎಂದು ತಿಳಿಯಿರಿ. ನೀರನ್ನು ಮೀನಿಗೆ ತಕ್ಕಂತೆ ಬದಲಿಸಲು ಪುಡಿ, ದ್ರಾವಣ ಮಾರುತ್ತಾರೆ. ಸಂಬಳದ ಮೇಲೆ ಬದುಕುವವನು ಆ ಹಾದಿ ತುಳಿಯಬಾರದು. ಇರುವ ನೀರಿಗೆ ತಕ್ಕ ಮೀನನ್ನು ಆರಿಸುವುದೇ ಸುಲಭ, ಅಗ್ಗ.

ಮೃದು ಅಥವಾ ನಡುಮಟ್ಟದ ನೀರಿರುವ ಹೊಸಬರಿಗೆ ನನ್ನ ಮೊದಲ ಆಯ್ಕೆ ಕ್ರಿಬೆನ್ಸಿಸ್. ನೈಜೀರಿಯಾ ದೇಶದ ದಕ್ಷಿಣ ಭಾಗದ ಹೊಳೆಗಳ ಮೀನು; ಗಂಡು ನಾಲ್ಕು ಅಂಗುಲ, ಹೆಣ್ಣು ಮೂರು ಅಂಗುಲ. ಅಂಗಡಿಯ ಬೆಳಕಿನಲ್ಲಿ ಬೂದು ಬಣ್ಣದ ಬಡಮೀನಿನಂತೆ ಕಾಣುವುದರಿಂದ ಬಹಳ ಜನ ಇದನ್ನು ಬಿಟ್ಟು ಹೋಗುತ್ತಾರೆ. ಮನೆಗೆ ತಂದು ಎರಡು ವಾರ ನೆಮ್ಮದಿಯಾಗಿ ಇರಗೊಟ್ಟು ನೋಡಿ. ಹೆಣ್ಣಿನ ಹೊಟ್ಟೆ ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ವಧುಪರೀಕ್ಷೆಯ ಕ್ರಮ ತಿರುವುಮುರುವು: ಹೆಣ್ಣೇ ಗಂಡಿನ ಮುಂದೆ ಬಂದು ಮೈಯನ್ನು ಬಿಲ್ಲಿನಂತೆ ಬಾಗಿಸಿ, ನಡುಗುತ್ತ, ಆ ಬಣ್ಣವನ್ನು ತೋರಿಸುತ್ತದೆ. ಗಂಡಿನ ಮೈ ನೀಳ, ಬೆನ್ನಿನ ರೆಕ್ಕೆಯ ತುದಿ ಚೂಪು. ಹೆಣ್ಣು ಕುಳ್ಳು, ದುಂಡು. ಇಷ್ಟು ಗುರುತಿನ ಮೇಲೆ ಜೋಡಿ ಆರಿಸಿಕೊಳ್ಳಬಹುದು. ಇನ್ನೂ ಒಳ್ಳೆಯದೆಂದರೆ ನಾಲ್ಕೈದು ಎಳೆಯ ಮೀನುಗಳನ್ನು ತಂದು, ತಾವಾಗಿ ಜೋಡಿಯಾದವನ್ನು ಉಳಿಸಿಕೊಂಡು, ಮಿಕ್ಕವನ್ನು ಹಿಂತಿರುಗಿಸುವುದು. ಹೀಗೆ ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಕೊಳ್ಳುವ ಮೊದಲೇ ಅಂಗಡಿಯವನನ್ನು ಕೇಳಿಟ್ಟುಕೊಳ್ಳಿ.

ಕ್ರಿಬೆನ್ಸಿಸ್‌ಗೆ ಬೇಕಾದ ಮುಖ್ಯ ಸಾಮಗ್ರಿ ಒಂದು ಗವಿ. ಅಂಗಡಿಯ ಪ್ಲಾಸ್ಟಿಕ್ ಕೋಟೆಗೆ ಹಣ ಹಾಕಬೇಡಿ. ಕಾಯಿ ತುರಿದ ಮೇಲೆ ಉಳಿಯುವ ತೆಂಗಿನ ಚಿಪ್ಪು ನಮ್ಮ ಯಾವ ಮನೆಯಲ್ಲಿಲ್ಲ? ನಾರು ಕೆರೆದು, ನಾಲ್ಕಾರು ಸಲ ನೀರು ಬದಲಿಸಿ ಕುದಿಸಿ, ಅಂಚಿನಲ್ಲಿ ಎರಡು ಬೆರಳು ಹೋಗುವಷ್ಟು ಬಾಗಿಲು ಕತ್ತರಿಸಿ, ಮರಳಿನ ಮೇಲೆ ಬೋರಲು ಹಾಕಿದರೆ ಮುಗಿಯಿತು. ಚಿಪ್ಪಿನ ಒಳಮಾಳಿಗೆಗೆ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ಸುಮಾರು ಮೂರು ದಿನಕ್ಕೆ ಮೊಟ್ಟೆ ಒಡೆದು, ಮತ್ತೆ ನಾಲ್ಕೈದು ದಿನ ಕಳೆದ ಮೇಲೆ ಒಂದು ಮುಂಜಾನೆ ತಾಯಿ ಎಳ್ಳುಕಾಳಿನಂಥ ಮರಿಗಳ ಮೋಡವನ್ನು ಹೊರಗೆ ನಡೆಸಿಕೊಂಡು ಬರುತ್ತದೆ, ತಂದೆ ಸುತ್ತ ಕಾವಲು. ಸಂಜೆಯಾದರೆ ಎಲ್ಲವನ್ನೂ ಮತ್ತೆ ಚಿಪ್ಪಿನೊಳಕ್ಕೆ ಸೇರಿಸುತ್ತವೆ. ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ಎತ್ತಿ ತಂದು ಒಳಗೆ ಉಗುಳುತ್ತವೆ. ಅಂದು ಶಾಲೆಗೆ ಹೋಗದೆ ಅತ್ತಿದ್ದ ಮಗಳು ಇದನ್ನು ಕಂಡ ದಿನ ಚಾಳಿನ ಮಕ್ಕಳನ್ನೆಲ್ಲ ಕರೆತಂದು ತೊಟ್ಟಿಯ ಮುಂದೆ ಸಾಲಾಗಿ ಕೂರಿಸಿದ್ದಳು.

ಗಡಸು ನೀರಿನ ಊರಿನವರು ಇದನ್ನು ಓದಿ ಮುಖ ಸಣ್ಣದು ಮಾಡಬೇಕಾಗಿಲ್ಲ. ಅವರಿಗೆಂದೇ ಆಫ್ರಿಕಾದ ಟಾಂಗನಿಕಾ ಸರೋವರದಲ್ಲಿ ಒಂದು ಪುಟ್ಟ ಮೀನಿದೆ: ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫಾಸಿಯೇಟಸ್. ಹೆಸರು ಮೀನಿಗಿಂತ ಉದ್ದ. ಹವ್ಯಾಸಿಗಳು "ಮಲ್ಟಿ" ಎನ್ನುತ್ತಾರೆ. ಗಂಡೇ ಎರಡು ಅಂಗುಲ ದಾಟುವುದಿಲ್ಲ. ಇಡೀ ಸಿಕ್ಲಿಡ್ ಕುಲದಲ್ಲೇ ಅತಿ ಚಿಕ್ಕವುಗಳಲ್ಲಿ ಒಂದು. ಸರೋವರದ ತಳದಲ್ಲಿ ಬಿದ್ದಿರುವ ಬಸವನಹುಳುಗಳ ಖಾಲಿ ಚಿಪ್ಪುಗಳೇ ಇದರ ಮನೆ. ಒಬ್ಬೊಬ್ಬರಿಗೆ ಒಂದೊಂದು ಚಿಪ್ಪು, ಎಲ್ಲ ಸೇರಿ ಒಂದು ವಠಾರ. ತೊಟ್ಟಿಯ ತಳಕ್ಕೆ ಎರಡು ಅಂಗುಲ ನಯವಾದ ಮರಳು ಹಾಸಿ, ಕುದಿಸಿ ತೊಳೆದ ಹದಿನೈದಿಪ್ಪತ್ತು ಚಿಪ್ಪುಗಳನ್ನು ಇಟ್ಟು, ಆರು ಮೀನು ಬಿಡಿ. ಬಾಯಲ್ಲಿ ಮರಳು ಹೊತ್ತು ಹೊತ್ತು ತಮಗೆ ಬೇಕಾದಂತೆ ಗುಂಡಿ ತೋಡಿ, ದಿಬ್ಬ ಕಟ್ಟುತ್ತವೆ. ನಿನ್ನೆ ನೀವು ಅಂದವಾಗಿ ಜೋಡಿಸಿದ್ದು ಇಂದು ಇರುವುದಿಲ್ಲ. ಅದು ಅವುಗಳ ಮನೆ, ಸುಮ್ಮನಿರಬೇಕು. ಮರಿಗಳು ದೊಡ್ಡವರ ನಡುವೆಯೇ ಬೆಳೆಯುತ್ತವೆ. ಎಲ್ಲ ಅಂಗಡಿಯಲ್ಲೂ ಸಿಗುವ ಮೀನಲ್ಲ. ಮೊದಲೇ ಹೇಳಿ ತರಿಸಬೇಕು, ಬೆಲೆಯೂ ಹೆಚ್ಚು. ಆದರೆ ಒಂದು ಸಲ ಕೊಂಡರೆ ವಂಶ ತಾನೇ ಮುಂದುವರಿಯುತ್ತದೆ.

ಇನ್ನೆರಡು ಹೆಸರು ಹೇಳಬಹುದು. ಪೆರು ದೇಶದ ಕಡೆಯ ಕಾಕಟು ಸಿಕ್ಲಿಡ್, ಅಂದರೆ ಅಪಿಸ್ಟೋಗ್ರಾಮಾ ಕಾಕಟುವಾಯ್ಡಿಸ್, ತನ್ನ ಜಾತಿಭಾಯಿಗಳಿಗಿಂತ ಗಟ್ಟಿ. ಒಂದು ಗಂಡಿಗೆ ಎರಡು ಹೆಣ್ಣು, ಪ್ರತಿ ಹೆಣ್ಣಿಗೂ ಬೇರೆ ಬೇರೆ ಗವಿ. ಬೊಲಿವಿಯನ್ ರ‍್ಯಾಮ್ ಮೂರು ಅಂಗುಲದ ಸಾಧು ಮೀನು. ಅದರ ನೆಂಟ ನೀಲಿ ರ‍್ಯಾಮ್ ಅದಕ್ಕಿಂತ ಸುಂದರ. ವೆನಿಜುವೆಲಾ, ಕೊಲಂಬಿಯಾಗಳ ಬಿಸಿ ನೀರಿನದು. ಸುಂದರವೆಂದೇ ಎಲ್ಲರೂ ಅದನ್ನು ಮೊದಲು ಕೊಳ್ಳುತ್ತಾರೆ, ಹೊಸ ತೊಟ್ಟಿಯಲ್ಲಿ ವಾರ ಕಳೆಯುವುದರೊಳಗೆ ಕಳೆದುಕೊಳ್ಳುತ್ತಾರೆ. ವರ್ಷ ತುಂಬಿದ ತೊಟ್ಟಿಗೆ ಅದನ್ನು ಮೀಸಲಿಡಿ.

ನಮ್ಮ ನಾಡಿನದೇ ಸಿಕ್ಲಿಡ್ ಸಾಕಬಾರದೇ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಭಾರತಕ್ಕೆ ಸಹಜವಾದವು ಮೂರೇ ಜಾತಿ: ಕರಿಮೀನು, ಆರೆಂಜ್ ಕ್ರೋಮೈಡ್, ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. ಈ ಮೂರನೆಯದರ ಹೆಸರಿನಲ್ಲೇ ನಮ್ಮ ಕನ್ನಡ ಜಿಲ್ಲೆ ಇದೆ. ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞ 1877ರಲ್ಲಿ ಇದನ್ನು ಮೊದಲು ವರ್ಣಿಸಿದ. ಮುಂಬಯಿಯ ಹೋಟೆಲು, ಬ್ಯಾಂಕುಗಳಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಮಿಂದ ದಕ್ಷಿಣ ಕನ್ನಡದ ಹೊಳೆಗಳೇ ಇದರ ತೌರು. ಬಹಳ ಚಿಕ್ಕ ಪ್ರದೇಶದಲ್ಲಿ ಮಾತ್ರ ಇರುವ, ಅಳಿವಿನ ಭಯಕ್ಕೆ ಸಿಕ್ಕಿರುವ ಮೀನು. ಹೊಳೆಯಿಂದ ಹಿಡಿದದ್ದನ್ನು ಯಾರಾದರೂ ಮಾರಿದರೆ ಅಭಿಮಾನವನ್ನು ಕೊಳ್ಳದೆ ತೋರಿಸಬೇಕು. ಆರೆಂಜ್ ಕ್ರೋಮೈಡ್ ಮೂರು ಅಂಗುಲದ ಅಂದದ ಮೀನು, ಹಿನ್ನೀರು ಅಳಿವೆಗಳ ಸವುಳು ನೀರಿನಲ್ಲೂ ಬಾಳುವಂಥದು. ಗಡಸು ನೀರು ಒಗ್ಗುತ್ತದೆ. ಆದರೆ ಗುಂಪಿನಲ್ಲಿದ್ದರೆ ಮಾತ್ರ ಗೆಲುವಾಗಿರುತ್ತದೆ. ಗುಂಪೆಂದರೆ ಮೂರಡಿಯ ತೊಟ್ಟಿ ಬೇಕು. ಕರಿಮೀನು ಗೇಣು ಮೀರಿ ಬೆಳೆಯುವುದು. ಅದಕ್ಕೆ ತಕ್ಕ ಸ್ಥಳ ಹಿನ್ನೀರು, ಇಲ್ಲವೇ ಕೇರಳದವರ ಬಾಣಲೆ.

ಮೀನಿನಷ್ಟೇ ಮುಖ್ಯವಾದ ಒಂದು ವಿಷಯದಲ್ಲಿ ಹೊಸಬರು ಅವಸರ ಪಡುತ್ತಾರೆ. ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ತರಬಾರದು. ಮೀನಿನ ಹೊಲಸು, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಸೋಸುವ ಸ್ಪಂಜಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅದೂ ವಿಷವೇ, ಆಮೇಲೆ ಅಷ್ಟಾಗಿ ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳು ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಬರಿಯ ನೀರಿನ ತೊಟ್ಟಿಗೆ ಸ್ಪಂಜ್ ಫಿಲ್ಟರ್ ಹಚ್ಚಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತ ಕಾಯಬೇಕು. ನೆರೆಯವರು ನಗುತ್ತಾರೆ, ನಗಲಿ. ಹಳೆಯ ತೊಟ್ಟಿಯುಳ್ಳ ಮಿತ್ರರು ವಾಚನಾಲಯದಲ್ಲಿ ಸಿಕ್ಕರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಬೇಡಿ, ಒಣಗಗೊಡದೆ ಒದ್ದೆಯಾಗಿಯೇ ತಂದು ನಿಮ್ಮದರಲ್ಲಿ ಇಟ್ಟರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ. ಈ ಸ್ಪಂಜನ್ನು ಎಂದೂ ನಲ್ಲಿಯ ಕೆಳಗೆ ತೊಳೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಹೊಸ ನೀರಿಗೆ ಕ್ಲೋರಿನ್ ಕಳೆಯುವ ಹನಿ ಹಾಕಿಕೊಳ್ಳಿ. ಮುಂಬಯಿ, ಚೆನ್ನೈಗಳಲ್ಲಿ ಹೀಟರ್ ಬೇಕಾಗುವುದು ಅಪರೂಪ; ದಿಲ್ಲಿಯ ಚಳಿಗಾಲದಲ್ಲಿ 50 ವಾಟಿನದೊಂದು ಇಲ್ಲದಿದ್ದರೆ ಮೀನು ಉಳಿಯುವುದಿಲ್ಲ. ಅನ್ನದ ಅಗುಳು, ಬ್ರೆಡ್ಡು, ಬಿಸ್ಕತ್ತು ತೊಟ್ಟಿಗೆ ಹಾಕದಂತೆ ಮನೆಯ ಹಿರಿಯರನ್ನು ಒಪ್ಪಿಸುವುದು ಇವೆಲ್ಲಕ್ಕಿಂತ ಕಷ್ಟದ ಕೆಲಸ.

ಸಾಕಲಾರದೆ ಹೋದ ಮೀನನ್ನು ಪುಣ್ಯದ ಕೆಲಸವೆಂದು ಕೆರೆಗೋ ಹೊಳೆಗೋ ಬಿಡುವವರಿದ್ದಾರೆ. ಹೊರಗಿನ ಸಿಕ್ಲಿಡ್ ಅಲ್ಲಿ ಬದುಕಿದರೆ ಸ್ಥಳೀಯ ಮೀನಿನ ಮೊಟ್ಟೆ ಮರಿ ತಿಂದು, ಜಾಗ ಹಿಡಿದು, ತಾನೇ ತಾನಾಗಿ ಬೆಳೆಯುತ್ತದೆ. ಟಿಲಾಪಿಯಾ ತುಂಬಿದ ಕೆರೆಗಳನ್ನು ನಾವು ಊರಿನಲ್ಲೇ ನೋಡಿದ್ದೇವೆ. ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ವಾಚನಾಲಯದ ಫಲಕದಲ್ಲಿ ಒಂದು ಚೀಟಿ ಅಂಟಿಸಿ. ಕೊಳ್ಳುವವರು ಸಿಗದಿದ್ದರೂ ಒಯ್ಯುವವರು ಸಿಗುತ್ತಾರೆ.

ಕೊನೆಯದಾಗಿ, ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಟಾಗ ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ. ಬೆಳೆದ, ಆರೋಗ್ಯವುಳ್ಳ ಮೀನು ಒಂದು ವಾರ, ಹತ್ತು ದಿನ ಉಪವಾಸವಿದ್ದರೂ ಬದುಕುತ್ತದೆ. ಮರಿಗಳಿದ್ದರೆ ಮಾತ್ರ ಹಾಗಲ್ಲ. ಹೊರಡುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ದೀಪ ಆರಿಸಿ, ಫಿಲ್ಟರ್ ಮಾತ್ರ ನಡೆಯುತ್ತಿರಲಿ. ಮನೆಯ ಮೇನ್ ಸ್ವಿಚ್ಚನ್ನು ಅಭ್ಯಾಸಬಲದಿಂದ ತೆಗೆದು ಹೋಗಬೇಡಿ. ಹೆಚ್ಚು ದಿನದ ಪ್ರವಾಸವಾದರೆ ನೆರೆಯವರ ಕೈಗೆ ಆಹಾರದ ಡಬ್ಬಿಯನ್ನೇ ಕೊಡಬಾರದು. ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕಿಬಿಡುತ್ತಾರೆ, ಮಿಕ್ಕದ್ದು ಕೊಳೆಯುತ್ತದೆ. ಒಂದೊಂದು ಹೊತ್ತಿಗೆ ಒಂದೊಂದು ಚಿಟಿಕೆಯಂತೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಕೊಡಿ. ಎರಡು ದಿನಕ್ಕೆ ಒಂದು ಪೊಟ್ಟಣ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗಿ.